ಬೇಸಿಕ್ ಎಷ್ಟು ಅಂತ ಕೇಳಿದೆಯಾ?

ತಮ್ಮಾ, ಬ್ರಹ್ಮಾವರದಿಂದ ನೀನು ಬರೆದದ್ದು ಓದಿದೆ. ಐಟಿಐ ಎಲೆಕ್ಟ್ರಿಷಿಯನ್ ಆಗಿದೆ, ದುಬೈಯಿಂದ 2000 ದಿರ್ಹಮ್ ಆಫರ್ ಉಂಟು, ಆದರೆ ನಿನ್ನದೇ ಬ್ಯಾಚಿನವನಿಗೆ ಅದೇ ಕೆಲಸಕ್ಕೆ 2600, ಇದು ಹೇಗೆ ಅಂತ.

ಮಲ್ಪೆಯಲ್ಲಿ ಒಂದೇ ಬೋಟಿಗೆ ಹೋದರೂ ಬೋಟು ನಡೆಸುವ ತಾಂಡೇಲನ ಪಾಲು ಬೇರೆ, ಬಲೆ ಎಳೆಯುವ ಕಲಾಸಿಯದ್ದು ಬೇರೆ ಅಲ್ವಾ? ಸೈಟಿನಲ್ಲಿ ಪೈಪು ಹಾಕಿ ವಯರ್ ಎಳೆಯುವವನೂ ಎಲೆಕ್ಟ್ರಿಷಿಯನ್, ದೊಡ್ಡ ಹೋಟೆಲಿನ ಪ್ಯಾನಲ್ ನೋಡಿಕೊಳ್ಳುವವನೂ ಎಲೆಕ್ಟ್ರಿಷಿಯನ್. ಹೊರಗಿನಿಂದ ಬಂದ ನಮಗೆ ಇಲ್ಲಿ ದುಬೈಯಲ್ಲಿ ಕನಿಷ್ಠ ಸಂಬಳದ ಕಾನೂನೂ ಇಲ್ಲ, ಮಾತಾಡಿ ಒಪ್ಪಿಕೊಂಡಷ್ಟೇ. ನನ್ನ ರೂಮಿನಲ್ಲಿ ಇಬ್ಬರು ಅಕೌಂಟೆಂಟ್ ಇದ್ದರು, ಇಬ್ಬರೂ ಮಂಗಳೂರಿನ ಬಿಕಾಂ. 2018ರ ಜನವರಿಯಲ್ಲಿ ಇಲ್ಲಿ ವ್ಯಾಟ್ (ನಮ್ಮ ಜಿಎಸ್‌ಟಿ ಹಾಗಿನ ತೆರಿಗೆ) ಬಂತು. ಒಬ್ಬ ರಾತ್ರಿ ಕೂತು ಅದರ ರಿಟರ್ನ್ ಕೆಲಸ ಕಲಿತ, ಬೇರೆ ಕಂಪನಿ ಹಿಡಿದ. ಇನ್ನೊಬ್ಬ ಈಗಲೂ ವೋಚರ್ ಎಂಟ್ರಿಯಲ್ಲೇ ಇದ್ದಾನೆ. ಬುದ್ಧಿ ಇಲ್ಲದೆ ಅಲ್ಲ, ಉದಾಸೀನ.

ಅದಿರಲಿ. ಆ 2000ದಲ್ಲಿ ಬೇಸಿಕ್ (ಮೂಲ ಸಂಬಳ) ಎಷ್ಟು, ಅಲವೆನ್ಸ್ (ಅದರ ಮೇಲಿನ ಭತ್ಯೆ) ಎಷ್ಟು? ನನ್ನ ಮೊದಲ ಕಂಪನಿಯಲ್ಲಿ (ಹೆಸರು ಬೇಡ) ಬೇಸಿಕ್ ಬರೀ 600 ಇತ್ತು. ಓವರ್‌ಟೈಮ್ ಲೆಕ್ಕ ಹಾಕುವುದು ಬೇಸಿಕ್ ಮೇಲೆ, ಗಂಟೆಯ ಸಂಬಳಕ್ಕೆ ಕಾಲು ಪಾಲು ಸೇರಿಸಿ. ಜುಲೈ ಸೆಕೆಯಲ್ಲಿ ಎರಡು ಗಂಟೆ ಹೆಚ್ಚು ದುಡಿದರೆ ಸಿಗುತ್ತಿದ್ದದ್ದು ಆರೂಕಾಲು ದಿರ್ಹಮ್. ಮೊದಲ ತಿಂಗಳು ಸ್ಲಿಪ್ ನೋಡಿ, ಯಾರೋ ತಪ್ಪಿ ಬರೆದಿದ್ದಾರೆ ಅಂತ ಸೂಪರ್‌ವೈಸರ್ ಹತ್ತಿರ ಹೋಗಿದ್ದೆ ಮಾರಾಯ! ಅವರು ನಕ್ಕು ನಾನೇ ಸೈನ್ ಹಾಕಿದ ಕಾಂಟ್ರಾಕ್ಟ್ ತೋರಿಸಿದರು.

ಬಿಟ್ಟು ಹೊರಡುವಾಗಿನ ಗ್ರಾಚ್ಯುಟಿಯೂ ಬೇಸಿಕ್ ಮೇಲೆಯೇ. ಮೊದಲ 5 ವರ್ಷ, ವರ್ಷಕ್ಕೆ 21 ದಿನದ ಬೇಸಿಕ್. 2000ದಲ್ಲಿ ಬೇಸಿಕ್ 800 ಆದರೆ 5 ವರ್ಷಕ್ಕೆ 2800 ದಿರ್ಹಮ್. 1600 ಆದರೆ 5600. ತಿಂಗಳ ಸಂಬಳ ಎರಡರಲ್ಲೂ ಅದೇ 2000, ನೋಡು.

ನಿನ್ನ ಗೆಳೆಯನ 2600ರಲ್ಲಿ ರೂಮು, ಬಸ್ಸು ಕಂಪನಿಯದ್ದೋ, ಅವನದ್ದೋ? ಬೆಡ್‌ಸ್ಪೇಸ್ (ಹಂಚಿಕೊಂಡ ರೂಮಿನ ಒಂದು ಮಂಚದ) ಬಾಡಿಗೆ ಅವನೇ ಕೊಡುವುದಾದರೆ ಕೊನೆಗೆ ನಿನ್ನ ಕೈಯಲ್ಲೇ ಹೆಚ್ಚು ಉಳಿದೀತು.

ಕೆಲಸ ಕೊಡಿಸುವ ಏಜೆಂಟ್ ವಿಚಾರ: ನಮ್ಮ ಸರ್ಕಾರದ ನಿಯಮದ ಪ್ರಕಾರ ಅವನು 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ, ಅಷ್ಟು ಮಾತ್ರ ತೆಗೆದುಕೊಳ್ಳಬಹುದು. ಲಕ್ಷ ಕೇಳಿದರೆ ಎದ್ದು ಬಾ. ಸೈನ್ ಹಾಕುವ ಮೊದಲು ಆಫರ್ ಲೆಟರ್‌ನ ಫೋಟೋ ನನಗೆ ಕಳಿಸು, ಎಲ್ಲ ಪುಟವೂ. ಶುಕ್ರವಾರ ಮಧ್ಯಾಹ್ನದ ಮೇಲೆ ನೋಡಿ ಹೇಳುತ್ತೇನೆ.