ಅಡಿ, ಮೀಟರ್, ಗುಂಟೆ: ನೋಂದಣಿ ಪತ್ರದಲ್ಲಿ ಅಳತೆ ಬರೆಯುವ ಬಗೆ

ಪ್ರಶ್ನೆ: ನಮ್ಮ ತಂದೆಯವರು 1986ರಲ್ಲಿ ಕೊಂಡ ನಿವೇಶನದ ಕ್ರಯಪತ್ರದಲ್ಲಿ ಪೂರ್ವ-ಪಶ್ಚಿಮ 30 ಅಡಿ, ಉತ್ತರ-ದಕ್ಷಿಣ 40 ಅಡಿ ಎಂದಿದೆ. ಈಗ ಅವರು ಅದನ್ನು ನನ್ನ ತಂಗಿಗೆ ದಾನಪತ್ರದ ಮೂಲಕ ಕೊಡಲಿದ್ದಾರೆ. ಪತ್ರ ಬರೆಯುವವರು ಕರಡಿನಲ್ಲಿ 9 ಮೀಟರ್, 12 ಮೀಟರ್, ಒಟ್ಟು 108 ಚದರ ಮೀಟರ್ ಎಂದು ಬರೆದು, ಎರಡೂ ಒಂದೇ ಎನ್ನುತ್ತಾರೆ. ಒಪ್ಪಬಹುದೇ? ಅಡಿಯಲ್ಲಿ ಬರೆದರೆ ಪತ್ರ ಅಸಿಂಧುವಾಗುತ್ತದೆಯೇ?
– ಓದುಗರು, ತುಮಕೂರು

ಉತ್ತರ: ದಯವಿಟ್ಟು ಒಪ್ಪಬೇಡಿ. ಒಂದು ಅಡಿ ಎಂದರೆ 0.3048 ಮೀಟರ್. ಆ ಲೆಕ್ಕದಲ್ಲಿ ನಿಮ್ಮ ನಿವೇಶನ 9.144 ಮೀಟರ್ ಅಗಲ, 12.192 ಮೀಟರ್ ಉದ್ದವಿದ್ದು, ವಿಸ್ತೀರ್ಣ 111.48 ಚದರ ಮೀಟರ್ ಆಗುತ್ತದೆ. ಕರಡಿನಲ್ಲಿರುವ 108 ಚದರ ಮೀಟರ್ ಎಂದರೆ ಸುಮಾರು 1162.5 ಚದರ ಅಡಿ ಮಾತ್ರ; 37 ಚದರ ಅಡಿಗೂ ಹೆಚ್ಚು ಜಾಗ ಕಾಗದದಲ್ಲಿ ಕಳೆದುಹೋಗಿದೆ. ದಾನಪತ್ರದಲ್ಲಿ ಇದು ಸಣ್ಣ ವಿಷಯವಲ್ಲ, ಏಕೆಂದರೆ ಅಷ್ಟು ಜಾಗ ತಂದೆಯವರ ಹೆಸರಿನಲ್ಲೇ ಉಳಿದಿದೆಯೆಂದು ಮುಂದೊಂದು ದಿನ ವಾರಸುದಾರರಲ್ಲಿ ಯಾರಾದರೂ ತಕರಾರು ತೆಗೆದರೆ ನಿಮ್ಮ ತಂಗಿಯವರು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದೀತು. ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿಗಳ ವಿವರ, ಸ್ಪಷ್ಟವಾಗಿದ್ದಲ್ಲಿ ನ್ಯಾಯಾಲಯಗಳು ಸಾಮಾನ್ಯವಾಗಿ ವಿಸ್ತೀರ್ಣದ ಅಂಕಿಗಿಂತ ಚಕ್ಕುಬಂದಿಗೇ ಹೆಚ್ಚು ಬೆಲೆ ಕೊಡುತ್ತವೆ ಎಂಬುದು ನಿಜ; ಆದರೆ ತಪ್ಪನ್ನು ಈಗಲೇ ಸರಿಪಡಿಸುವ ಅವಕಾಶವಿರುವಾಗ ಆ ಭರವಸೆಯ ಮೇಲೆ ಸಹಿ ಹಾಕುವುದು ಜಾಣತನವಲ್ಲ.

ಈ ಗೊಂದಲಕ್ಕೆ ಕಾರಣವೂ ಇದೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಈಚಿನ ಬಡಾವಣೆಗಳಲ್ಲಿ ನಿವೇಶನಗಳ ಅಳತೆ ನಿಜಕ್ಕೂ 9 ಮೀಟರ್, 12 ಮೀಟರ್ ಇರುತ್ತದೆ, ಜನ ಅವನ್ನೂ ಬಾಯಿಮಾತಿನಲ್ಲಿ ‘ತರ್ಟಿ ಫಾರ್ಟಿ’ ಎಂದೇ ಕರೆಯುತ್ತಾರೆ. ಆದರೆ ಅಡಿಯಲ್ಲಿ ಅಳೆದು ಮಾರಿದ ಹಳೆಯ ನಿವೇಶನಕ್ಕೆ ಆ ಅಂಕಿಗಳು ಹೊಂದುವುದಿಲ್ಲ.

ಎರಡನೆಯ ಅಳುಕು ಬೇಡ. 1956ರ ಕಾಯ್ದೆಯ ಮೂಲಕ ಮೆಟ್ರಿಕ್ ಪದ್ಧತಿ ದೇಶದ ಅಧಿಕೃತ ಮಾನವಾಗಿದ್ದರೂ, ಅಡಿಯಲ್ಲಿ ಬರೆದ ಮಾತ್ರಕ್ಕೆ ಪತ್ರ ಅಸಿಂಧುವಾಗುವುದಿಲ್ಲ. 1908ರ ನೋಂದಣಿ ಕಾಯ್ದೆಯ 21ನೇ ಕಲಂ ಕೇಳುವುದು ಸ್ವತ್ತನ್ನು ಗುರುತಿಸಲು ಸಾಕಾಗುವಷ್ಟು ವಿವರಣೆಯನ್ನು. ಆದ್ದರಿಂದ ಮೂಲ ಪತ್ರದ ಅಳತೆಯನ್ನು ಮೊದಲು ಬರೆಸಿ, ಅದರ ಮುಂದೆಯೇ ಮೀಟರಿನ ಅಳತೆಯನ್ನು ಸೇರಿಸಿ: ‘ಪೂರ್ವ-ಪಶ್ಚಿಮ 30 ಅಡಿ, ಅಂದರೆ 9.144 ಮೀಟರ್; ಉತ್ತರ-ದಕ್ಷಿಣ 40 ಅಡಿ, ಅಂದರೆ 12.192 ಮೀಟರ್, ಒಟ್ಟು 1200 ಚದರ ಅಡಿ, ಅಂದರೆ 111.48 ಚದರ ಮೀಟರ್.’ ಇದನ್ನು ಖಾತೆಯಲ್ಲಿರುವ ಅಳತೆಯೊಂದಿಗೆ ತಾಳೆ ನೋಡಿ. ಅಂಗುಲಗಳಿದ್ದರೆ ಇನ್ನಷ್ಟು ಎಚ್ಚರ ಬೇಕು. 30 ಅಡಿ 6 ಅಂಗುಲ ಎಂದರೆ 30.5 ಅಡಿ, ಅದನ್ನು 30.6 ಎಂದು ಬರೆದ ಪತ್ರಗಳನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ನಾನು ಕೊಂಡ ಜಮೀನು 1 ಎಕರೆ 20 ಗುಂಟೆ. ಕ್ರಯಪತ್ರದಲ್ಲಿ ‘1.20 ಎಕರೆ’ ಎಂದಿದೆ. ಸಾಲಕ್ಕೆ ಹೋದಾಗ ಬ್ಯಾಂಕಿನ ವಕೀಲರು ಇದು 1 ಎಕರೆ 8 ಗುಂಟೆ ಮಾತ್ರ ಎಂದರು. ಏನು ಮಾಡಲಿ?
– ಓದುಗರು, ಹಾಸನ

ಉತ್ತರ: ವಕೀಲರ ಲೆಕ್ಕ ಸರಿಯಾಗಿಯೇ ಇದೆ. ಎಕರೆಗೆ 40 ಗುಂಟೆ. ಹಾಗಾಗಿ 20 ಗುಂಟೆ ಅರ್ಧ ಎಕರೆ, ನಿಮ್ಮ ಜಮೀನು ದಶಾಂಶದಲ್ಲಿ 1.50 ಎಕರೆ. ಪಹಣಿಯಲ್ಲಿ ಎಕರೆ, ಗುಂಟೆಗಳ ನಡುವೆ ಹಾಕುವ ಚುಕ್ಕೆ ಬರೀ ಬೇರ್ಪಡಿಸುವ ಗುರುತು. ಅದನ್ನು ಕ್ರಯಪತ್ರಕ್ಕೆ ಎತ್ತಿಕೊಂಡು ಮುಂದೆ ‘ಎಕರೆ’ ಎಂದು ಸೇರಿಸಿದೊಡನೆ ಅದು ದಶಾಂಶವಾಗಿ, 12 ಗುಂಟೆ ಜಮೀನು ಕಾಗದದಿಂದ ಜಾರಿಹೋಗಿದೆ. ಸರ್ವೆ ನಂಬರು, ಚಕ್ಕುಬಂದಿ, ಪಹಣಿ ಹೊಂದಿಕೆಯಾಗಿದ್ದರೆ ಮಾರಿದವರನ್ನು ಒಪ್ಪಿಸಿ ತಿದ್ದುಪಡಿ ಪತ್ರವನ್ನು ನೋಂದಾಯಿಸಿಕೊಳ್ಳಿ. ಅವರು ತೀರಿಕೊಂಡಿದ್ದರೆ ಅವರ ವಾರಸುದಾರರೆಲ್ಲರ ಸಹಿ ಬೇಕಾಗುತ್ತದೆ. ಒಪ್ಪದಿದ್ದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 26ನೇ ಕಲಂ ಅಡಿಯಲ್ಲಿ ತಿದ್ದುಪಡಿಗಾಗಿ ದಾವೆ ಹೂಡಬಹುದು. ಮಾರಿದವರು ಇರುವಾಗಲೇ ಈ ಕೆಲಸ ಮುಗಿಸಿಕೊಳ್ಳಿ. ಹೊಸ ಪತ್ರದಲ್ಲಿ ‘ಒಂದು ಎಕರೆ ಇಪ್ಪತ್ತು ಗುಂಟೆ’ ಎಂದು ಅಕ್ಷರದಲ್ಲೂ ಬರೆಸಿ. ಹೆಕ್ಟೇರ್ ಬೇಕೆಂದವರಿಗೆ ಅದು 0.607.

ಪ್ರಶ್ನೆ: 5 ಸೆಂಟ್ಸ್ ಜಾಗ ಎಂದರೆ ಎಷ್ಟು ಗುಂಟೆ?
– ಓದುಗರು, ಪುತ್ತೂರು

ಉತ್ತರ: ಸರಿಯಾಗಿ 2 ಗುಂಟೆ. ಎಕರೆಯ ನೂರನೇ ಒಂದು ಭಾಗವನ್ನು ಸೆಂಟ್ಸ್ ಎನ್ನುವುದು ಹಿಂದೆ ಮದರಾಸು ಪ್ರಾಂತ್ಯದಲ್ಲಿದ್ದ ನಿಮ್ಮ ಜಿಲ್ಲೆಯ ರೂಢಿ. ಒಂದು ಸೆಂಟ್ಸ್‌ಗೆ 435.6 ಚದರ ಅಡಿ, ಗುಂಟೆಗೆ 1089. ನಿಮ್ಮ ಜಾಗ 2178 ಚದರ ಅಡಿ, ಅಂದರೆ 202.34 ಚದರ ಮೀಟರ್.