ಹೊಸ ತಂತ್ರಜ್ಞಾನದ ಸುದ್ದಿ: ಎಲ್ಲಿ ಓದಬೇಕು, ಎಷ್ಟು ನಂಬಬೇಕು?

ಪ್ರಶ್ನೆ: ಎಂಬಿಎ ಪ್ರಾಜೆಕ್ಟಿಗೆ ಸಾಲಿಡ್ ಸ್ಟೇಟ್ ಬ್ಯಾಟರಿ (ಒಳಗೆ ದ್ರವದ ಬದಲು ಘನ ಎಲೆಕ್ಟ್ರೋಲೈಟ್ ಇರೋದು) ಬಗ್ಗೆ ಬರೆಯಬೇಕು. ಹುಡುಕಿದರೆ ರಾಶಿ ಲೇಖನ ಬರುತ್ತವೆ, ಎಲ್ಲದರಲ್ಲೂ 'ಕ್ರಾಂತಿ ಆಗಲಿದೆ' ಅನ್ನೋ ಒಂದೇ ರಾಗ. ಬಿಸಿನೆಸ್ ಪತ್ರಿಕೆ, ಟ್ರೇಡ್ ಪತ್ರಿಕೆ ಓದು ಅಂತಾರೆ ನಮ್ಮ ಗೈಡ್. ಎಲ್ಲಿಂದ ಶುರು ಮಾಡಲಿ?
– ಒಬ್ಬ ವಿದ್ಯಾರ್ಥಿನಿ

ಉತ್ತರ: ನಿಮ್ಮ ಗೈಡ್ ಹೇಳಿದ್ದು ಸರಿ. ಆದರೆ ಇವತ್ತಿನ ಪತ್ರಿಕೆಯಿಂದ ಶುರು ಮಾಡಬೇಡಿ, ಹಳೇದನ್ನು ತೆಗೆಯಿರಿ. ಗೂಗಲ್‌ನಲ್ಲಿ ತಾರೀಕಿನ ಮಿತಿ ಹಾಕಿ ಹುಡುಕಬಹುದು, ಗೊತ್ತಲ್ವಾ? 2017ರ ಸುದ್ದಿ ನೋಡಿ. 2020ರ ದಶಕದ ಶುರುವಿನಲ್ಲೇ ಈ ಬ್ಯಾಟರಿ ಹಾಕಿದ ಕಾರು ಬರುತ್ತದೆ ಅಂದಿತ್ತು ಟೊಯೋಟಾ. 2023ಕ್ಕೆ ಬನ್ನಿ, ಅದೇ ಕಂಪನಿ 2027-28 ಅನ್ನುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ನಿಮ್ಮ ಪ್ರಾಜೆಕ್ಟಿನ ಅಸಲಿ ಪ್ರಶ್ನೆ ಸಿಕ್ಕಿತು: ಯಾಕೆ ತಡ?

ಇದಕ್ಕೆ ಉತ್ತರ ಬಿಸಿನೆಸ್ ಪತ್ರಿಕೆಯಲ್ಲಿ ಸಿಗೋದು ಕಷ್ಟ. ಅಲ್ಲಿ ಯಾರು ದುಡ್ಡು ಹಾಕಿದರು, ಯಾರು ಯಾರ ಜೊತೆ ಕೈಜೋಡಿಸಿದರು, ಷೇರು ಏರಿತೋ ಇಳಿಯಿತೋ ಅನ್ನೋದೇ ಜಾಸ್ತಿ. ಅದೂ ಬೇಕು, ಬೇಡ ಅಂತಲ್ಲ. ಆದರೆ ಸಲ್ಫೈಡ್ ಎಲೆಕ್ಟ್ರೋಲೈಟ್‌ಗೆ (ಇಂಥ ಕೆಲವು ಬ್ಯಾಟರಿಗಳಲ್ಲಿ ಅಯಾನುಗಳು ಹಾಯುವ, ಗಂಧಕ ಇರೋ ಘನ ವಸ್ತು) ಗಾಳಿಯ ತೇವ ತಾಗಿದರೆ ಹೈಡ್ರೋಜನ್ ಸಲ್ಫೈಡ್ ಅನ್ನೋ ವಿಷಾನಿಲ ಹೊರಡುತ್ತದೆ, ಅದಕ್ಕೇ ಇಡೀ ಕೆಲಸ ಗಾಳಿಯ ತೇವ ತೆಗೆದ ಡ್ರೈ ರೂಮಿನೊಳಗೆ ನಡೆಯಬೇಕು, ಚಾರ್ಜ್ ಆಗುವಾಗ ಒಳಗಿನ ಪದರಗಳು ಉಬ್ಬಿ ಆಮೇಲೆ ಕುಗ್ಗಿ ಬಿರುಕು ಬಿಡಬಹುದು, ಲ್ಯಾಬಿನಲ್ಲಿ ಒಂದು ಸೆಲ್ ಮಾಡೋದೇ ಬೇರೆ, ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ಮಾಡೋದೇ ಬೇರೆ. ಇಂಥ ಸಂಗತಿ ಬೇಕಾದರೆ ಒಂದು ಉದ್ಯಮದವರು ತಮ್ಮವರಿಗೇ ಅಂತ ನಡೆಸುವ ಟ್ರೇಡ್ ಪತ್ರಿಕೆಗೆ ಹೋಗಬೇಕು. ನಿಮ್ಮ ವಿಷಯಕ್ಕೆ ಕೆಮಿಕಲ್ ಅಂಡ್ ಎಂಜಿನಿಯರಿಂಗ್ ನ್ಯೂಸ್, ಐಇಇಇ ಸ್ಪೆಕ್ಟ್ರಮ್ ನೋಡಿ. ಕಾರಿನ ಕಡೆಯಿಂದ ಆಟೋಮೋಟಿವ್ ನ್ಯೂಸ್ ಇದೆ. ಓದಲು ಸ್ವಲ್ಪ ಒಣ, ನಿಜ.

ಒಣ ಅಂತ ಮೂಗು ಮುರಿಯಬೇಡಿ. ಮೂರ್ ನಿಯಮ ಅಂತ ನಾವು ಕರೆಯೋ ಮಾತು ಮೊದಲು ಅಚ್ಚಾಗಿದ್ದು ದೊಡ್ಡ ವಿಜ್ಞಾನ ಜರ್ನಲ್‌ನಲ್ಲಲ್ಲ, 'ಎಲೆಕ್ಟ್ರಾನಿಕ್ಸ್' ಅನ್ನೋ ಟ್ರೇಡ್ ಪತ್ರಿಕೆಯಲ್ಲಿ, 1965ರ ಏಪ್ರಿಲ್‌ನಲ್ಲಿ. ಚಿಪ್ ಮೇಲಿನ ಬಿಡಿಭಾಗಗಳು ವರ್ಷಕ್ಕೆ ಎರಡು ಪಟ್ಟಾಗುತ್ತವೆ ಅಂದಿದ್ದ, ಮುಂದೆ ಇಂಟೆಲ್ ಅನ್ನೋ ಚಿಪ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಗಾರ್ಡನ್ ಮೂರ್ 1975ರಲ್ಲಿ ಅದನ್ನು ಎರಡು ವರ್ಷಕ್ಕೆ ಅಂತ ತಿದ್ದಿದರು. ಇಂಟೆಲ್ ತನ್ನ 4004 ಮೈಕ್ರೋಪ್ರೊಸೆಸರನ್ನು 1971ರ ನವೆಂಬರ್‌ನಲ್ಲಿ ಜಗತ್ತಿಗೆ ತೋರಿಸಿದ್ದು 'ಎಲೆಕ್ಟ್ರಾನಿಕ್ ನ್ಯೂಸ್' ಅನ್ನೋ ಇನ್ನೊಂದು ಟ್ರೇಡ್ ಪತ್ರಿಕೆಯ ಜಾಹೀರಾತಿನಲ್ಲಿ. ಹಾಗಾಗಿ ಜಾಹೀರಾತಿನ ಪುಟ ಹಾರಿಸಬೇಡಿ. ಒಂದು ಹೊಸ ಉತ್ಪನ್ನ ತಯಾರಿಸುವ ಯಂತ್ರವನ್ನೇ ಮಾರಲು ಜಾಹೀರಾತು ಬರೋಕೆ ಶುರುವಾದರೆ, ಎಲ್ಲೋ ಯಾರೋ ಕೊಳ್ಳುವವರು ಇದ್ದಾರೆ ಅಂತ ಯಂತ್ರ ಮಾರುವವನು ಲೆಕ್ಕ ಹಾಕಿದ್ದಾನೆ. ಸಂಪಾದಕೀಯಕ್ಕಿಂತ ನನಗೆ ಆ ಲೆಕ್ಕದ ಮೇಲೇ ನಂಬಿಕೆ ಜಾಸ್ತಿ.

ಪ್ರಶ್ನೆ: ಒಂದೇ ಸುದ್ದಿ ಹತ್ತು ಪತ್ರಿಕೆಯಲ್ಲಿ ಬಂದಿದ್ದರೆ ನಂಬಬಹುದಲ್ವಾ?
– ಷೇರು ಪೇಟೆಗೆ ಹೊಸಬ

ಉತ್ತರ: ಹತ್ತೂ ಒಂದೇ ಬಾಯಿಂದ ಬಂದಿರಬಹುದು. ಸುದ್ದಿಯ ಒಂದು ಉದ್ದನೆಯ ವಾಕ್ಯ ಕಾಪಿ ಮಾಡಿ, ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಅಕ್ಷರ ಅಕ್ಷರ ಅದೇ ವಾಕ್ಯ ಕಂಪನಿಯ ಪ್ರೆಸ್ ರಿಲೀಸ್‌ನಲ್ಲಿ ಸಿಕ್ಕರೆ, ನಿಮ್ಮ ಹತ್ತು ಸಾಕ್ಷಿ ಒಂದಾಯಿತು.

ಥೆರನೋಸ್ ಕಥೆ ಕೇಳಿರಬಹುದು. ಬೆರಳ ತುದಿಯ ಒಂದೆರಡು ಹನಿ ರಕ್ತದಲ್ಲೇ ಹತ್ತಾರು ಪರೀಕ್ಷೆ ಮಾಡುತ್ತೇವೆ ಅಂದ ಕಂಪನಿ. 2014ರಲ್ಲಿ ಫಾರ್ಚೂನ್ ಅದರ ಸ್ಥಾಪಕಿ ಎಲಿಜಬೆತ್ ಹೋಮ್ಸ್‌ರನ್ನು ಮುಖಪುಟಕ್ಕೆ ಹಾಕಿತು, ಉಳಿದವರೂ ಹಿಂದೆ ಬೀಳಲಿಲ್ಲ. 2015ರ ಶುರುವಿನಲ್ಲಿ ಜಾನ್ ಅಯೊನಿಡಿಸ್ ಅನ್ನೋ ಸಂಶೋಧಕರು ವೈದ್ಯಕೀಯ ಜರ್ನಲ್ ಒಂದರಲ್ಲಿ ಸುಮ್ನೆ ಒಂದು ಸರಳ ಮಾತು ಎತ್ತಿದರು: ಪತ್ರಿಕೆಗಳಲ್ಲಿ ಇಷ್ಟು ಸುದ್ದಿ ಇದೆ, ತಜ್ಞರು ಪರಿಶೀಲಿಸಿದ ಸಂಶೋಧನಾ ಲೇಖನ ಎಲ್ಲಿ? ಅದೇ ಅಕ್ಟೋಬರ್‌ನಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಬಣ್ಣ ಬಯಲು ಮಾಡಿತು. ಹೊಗಳಿದ್ದೂ ಬಿಸಿನೆಸ್ ಪತ್ರಿಕೆ, ಬಯಲು ಮಾಡಿದ್ದೂ ಬಿಸಿನೆಸ್ ಪತ್ರಿಕೆ. ಹೆಸರು ನೋಡಿ ನಂಬೋ ಹಾಗಿಲ್ಲ. ವರದಿಗಾರ ಕಂಪನಿಯವರನ್ನು ಬಿಟ್ಟು ಬೇರೆ ಯಾರನ್ನು ಮಾತಾಡಿಸಿದ್ದಾನೆ ಅಂತ ನೋಡಿ. ಗ್ರಾಹಕ, ಪ್ರತಿಸ್ಪರ್ಧಿ, ಕೆಲಸ ಬಿಟ್ಟವರು, ಯಾರೂ ಇಲ್ಲವಾ? ಹಾಗಾದರೆ ಮುಂದಿನ ಲೇಖನ ತೆಗೆಯಿರಿ. ಒಪ್ಪಂದಕ್ಕೆ ಸಹಿ ಆಯಿತು ಅನ್ನೋದಕ್ಕೂ ಆರ್ಡರ್ ಬಂತು ಅನ್ನೋದಕ್ಕೂ ಅಜಗಜಾಂತರ, ಅದನ್ನೂ ಗಮನಿಸಿ.

ಪ್ರಶ್ನೆ: 'ಈ ಮಾರುಕಟ್ಟೆ ಇನ್ನು ಹತ್ತು ವರ್ಷದಲ್ಲಿ ಇಷ್ಟು ಬಿಲಿಯನ್ ಡಾಲರ್' ಅಂತ ಬರುತ್ತದಲ್ಲ, ಅದನ್ನು ವರದಿಯಲ್ಲಿ ಹಾಕಬಹುದಾ?

ಉತ್ತರ: ಅಂಥ ಅಂಕಿ ಎರಡು ಮೂರು ಸಂಸ್ಥೆಗಳದ್ದು ಹೋಲಿಸಿ ನೋಡಿ, ತಾಳಮೇಳ ಇರೋದಿಲ್ಲ. ಒಬ್ಬರು ಬರೀ ಚಿಪ್ ಎಣಿಸುತ್ತಾರೆ, ಇನ್ನೊಬ್ಬರು ಚಿಪ್ ಇರೋ ಯಂತ್ರ, ಸಾಫ್ಟ್‌ವೇರ್, ರಿಪೇರಿ ಎಲ್ಲ ಸೇರಿಸುತ್ತಾರೆ. ಪೂರ್ತಿ ವರದಿ ದುಡ್ಡಿಗೆ, ಬಿಟ್ಟಿ ಸಿಗೋದು ಆ ಒಂದು ದೊಡ್ಡ ಅಂಕಿ ಮಾತ್ರ. ಏನೇನು ಸೇರಿಸಿ ಎಣಿಸಿದ್ದಾರೆ ಅಂತ ಬರೆದಿರದಿದ್ದರೆ ಹಾಕಲೇಬೇಡಿ.

ಪ್ರಶ್ನೆ: ಒಳ್ಳೆಯ ಪತ್ರಿಕೆಗಳೆಲ್ಲ ಚಂದಾ ಕೇಳುತ್ತವೆ. ಏನು ಮಾಡೋದು?

ಉತ್ತರ: ಕಾಲೇಜಿನ ಲೈಬ್ರರಿಯಲ್ಲಿ ಪ್ರೊಕ್ವೆಸ್ಟ್, ಎಬ್ಸ್‌ಕೊ ಥರದ, ಪತ್ರಿಕೆ-ಜರ್ನಲ್ ಲೇಖನಗಳ ಡೇಟಾಬೇಸ್ ಇದೆಯಾ ಕೇಳಿ. ಇದ್ದರೂ ಎಷ್ಟೋ ಜನರಿಗೆ ಗೊತ್ತಿರೋದಿಲ್ಲ. ಅಮೆರಿಕದ ಷೇರು ಪೇಟೆಯಲ್ಲಿರುವ ಕಂಪನಿಯಾದರೆ ಅಲ್ಲಿನ ನಿಯಂತ್ರಕರ ಎಡ್ಗರ್ ತಾಣದಲ್ಲಿ ವಾರ್ಷಿಕ ವರದಿ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಅಪಾಯಗಳ ಬಗ್ಗೆ ಒಂದು ಭಾಗ ಇರುತ್ತದೆ, ಅಲ್ಲಿಗೇ ನೇರ ಹೋಗಿ. ಸಂದರ್ಶನದಲ್ಲಿ 'ಮುಂದಿನ ವರ್ಷ ಬಂದೇ ಬಿಡುತ್ತದೆ' ಅಂದ ಕಂಪನಿ, ಇಲ್ಲಿ ವಕೀಲರ ಭಯಕ್ಕೆ 'ಎಂದಿಗೂ ಬರದೆಯೂ ಇರಬಹುದು' ಅಂತ ಬರೆದಿರುತ್ತದೆ. ಪೇಟೆಂಟ್ ಕೂಡ ಉಚಿತ, ಗೂಗಲ್ ಪೇಟೆಂಟ್ಸ್‌ನಲ್ಲಿ ನೋಡಬಹುದು. ಸಾಮಾನ್ಯವಾಗಿ ಅರ್ಜಿ ಹಾಕಿದ 18 ತಿಂಗಳ ಮೇಲೆ ಪ್ರಕಟ ಆಗೋದರಿಂದ, ನಿಮಗೆ ಕಾಣೋದು ಒಂದೂವರೆ ವರ್ಷ ಹಳೆಯ ಚಿತ್ರ.