ಫೈಬರ್ ಸ್ಪೀಡ್‌ಸ್ಟರ್: ಕಾಗದ ಮೊದಲು, ಬಣ್ಣ ಆಮೇಲೆ

ಪ್ರಶ್ನೆ: ಗೋವಾದಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್ ಚಾಸಿಯ ಮೇಲೆ ಕಟ್ಟಿದ ಪೋರ್ಷೆ 356 ಸ್ಪೀಡ್‌ಸ್ಟರ್‌ನ ನಕಲು ಮಾರಾಟಕ್ಕಿದೆ. ಫೈಬರ್ ಬಾಡಿ, 1600 ಸಿಸಿ ಎಂಜಿನ್. ಪುಣೆಗೆ ತರಬಹುದೇ?
— ಓದುಗರು, ಕೋಥ್ರೂಡ್

ಉತ್ತರ: ಮೊದಲು ಆರ್‌.ಸಿ. ಕೇಳಿ. ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಆರ್‌.ಸಿ.ಯಲ್ಲಿ ಬೀಟಲ್ ಸಲೂನ್ ಎಂದಿದ್ದು, ಎದುರಿಗೆ ಎರಡು ಸೀಟಿನ ತೆರೆದ ಕಾರು ನಿಂತಿದ್ದರೆ ಬೆಲೆ ಎಷ್ಟೇ ಇಳಿಸಿದರೂ ಕೈ ಹಾಕಬೇಡಿ. ನಾಳೆ ವಿಮೆಯ ಕ್ಲೇಮಿಗೆ ಹೋದಾಗ ಅದೇ ತೊಡಕಾಗುತ್ತದೆ. ‘ವಿಂಟೇಜ್ ಅಂತ ಮಾಡಿಸಿಕೊಡ್ತೀನಿ’ ಎನ್ನುವ ದಲ್ಲಾಳಿಯನ್ನೂ ನಂಬಬೇಡಿ. 2021ರ ವಿಂಟೇಜ್ ನಿಯಮ ಇರುವುದು 50 ವರ್ಷ ದಾಟಿದ, ಚಾಸಿ-ಬಾಡಿ-ಎಂಜಿನ್ ಮೂಲರೂಪದಲ್ಲೇ ಉಳಿದ ಗಾಡಿಗಳಿಗೆ.

ಕಾಗದ ಸರಿಯಿದ್ದರೆ ಕೆಳಗೆ ಬಗ್ಗಿ ನೋಡಿ. ಬೀಟಲ್‌ನ ವೀಲ್‌ಬೇಸ್ (ಮುಂದಿನ-ಹಿಂದಿನ ಚಕ್ರಗಳ ನಡುವಿನ ಅಂತರ) 2400 ಮಿ.ಮೀ., 356ರದು 2100. ಹಾಗಾಗಿ ನಡುವಿನ ತಳವನ್ನು ಸುಮಾರು 300 ಮಿ.ಮೀ. ಕತ್ತರಿಸಿ ಬೆಸುಗೆ ಹಾಕಿರುತ್ತಾರೆ. ಒಂದು ಬದಿ ಜಾಕ್ ಏರಿಸಿ ಬಾಗಿಲು ತೆರೆದು ಮುಚ್ಚಿ. ಬಿಗಿಯಾದರೆ ಚಾಸಿ ಬಾಗುತ್ತಿದೆ ಎಂದೇ ಅರ್ಥ. ಫೈಬರಿಗೆ ತುಕ್ಕು ಹಿಡಿಯದು, ಆದರೆ ಕೊಂಕಣದ ಮಳೆ ಅದರ ಅಡಿಯ ಉಕ್ಕನ್ನು ಬಿಡದು. ಬ್ಯಾಟರಿ ಇಡುವ ಜಾಗದ ತಳವನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಬೀಟಲ್‌ನ ಹಿಂದಿನ ಸೀಟು ಕೂರುತ್ತಿದ್ದ ಕಡೆ, ನಡುವಿನ ಟನಲ್ (ತಳದ ಉದ್ದಕ್ಕೂ ಇರುವ ಉಬ್ಬು) ಮೇಲೆ ಚಾಸಿ ನಂಬರ್ ಇರುತ್ತದೆ. ಬೆಸುಗೆಯಲ್ಲಿ ಅದು ಹಾಳಾಗಿದ್ದರೆ ಅಲ್ಲಿಗೇ ಬಿಟ್ಟುಬಿಡಿ.

ಕೊಂಡರೆ ಗೋವಾ ಆರ್‌.ಟಿ.ಒ.ದಿಂದ ಫಾರ್ಮ್ 28ರ ಎನ್‌.ಒ.ಸಿ., ಹೆಸರು ಬದಲಾವಣೆಗೆ 29 ಮತ್ತು 30. 12 ತಿಂಗಳಿಗಿಂತ ಹೆಚ್ಚು ಕಾಲ ಮಹಾರಾಷ್ಟ್ರದಲ್ಲೇ ಇಟ್ಟುಕೊಳ್ಳುವುದಾದರೆ ಇಲ್ಲಿನ ನಂಬರ್ ಬೇಕೇ ಬೇಕು.

ಪ್ರಶ್ನೆ: ಇಂಥದ್ದೇ ಕಾರು ನಮ್ಮಲ್ಲಿದೆ. ಟ್ರಾಫಿಕ್‌ನಲ್ಲಿ ಎಂಜಿನ್ ವಿಪರೀತ ಬಿಸಿ. ಹೆಡ್‌ಲೈಟ್ ಹಾಕಿದರೆ ಇಂಡಿಕೇಟರ್ ಮಂಕಾಗುತ್ತದೆ. 60 ದಾಟಿದರೆ ಸ್ಟೀರಿಂಗ್ ಅಲೆದಾಡುತ್ತದೆ.
— ಓದುಗರು, ಮುಲುಂಡ್

ಉತ್ತರ: ಎಂಜಿನ್ ಸುತ್ತಲಿನ ತಗಡಿಗೂ ಬಾಡಿಗೂ ನಡುವೆ ರಬ್ಬರ್ ಸೀಲ್ ಇದೆಯೇ ನೋಡಿ. ನಕಲು ಕಾರು ಕಟ್ಟುವವರು ಹೆಚ್ಚಾಗಿ ಬಿಟ್ಟುಬಿಡುವುದು ಇದನ್ನೇ. ಸೀಲ್ ಇಲ್ಲದಿದ್ದರೆ ಸೈಲೆನ್ಸರ್ ಬಳಿಯ ಬಿಸಿಗಾಳಿ ಮೇಲೇರುತ್ತದೆ, ಫ್ಯಾನ್ ಅದನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಹಾಗಿರುವಾಗ ದುಬಾರಿ ಆಯಿಲ್ ಕೂಲರ್ ಹಾಕಿಸಿ ಏನು ಬಂತು? ವಾಲ್ವ್ ಗ್ಯಾಪನ್ನು (ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಂದು) ಎಂಜಿನ್ ಪೂರ್ತಿ ತಣ್ಣಗಿದ್ದಾಗ 0.15 ಮಿ.ಮೀ.ಗೆ ಹೊಂದಿಸಿ. ಗ್ಯಾಪ್ ಮುಚ್ಚಿದರೆ ಸದ್ದೇನೂ ಬರುವುದಿಲ್ಲ, ಎಕ್ಸಾಸ್ಟ್ ವಾಲ್ವ್ ಸುಮ್ಮನೆ ಸುಡುತ್ತಾ ಹೋಗುತ್ತದೆ. ಆಯಿಲ್ 2.5 ಲೀಟರ್ ಮಾತ್ರ; ಮೂಲ ಎಂಜಿನ್ನಿನಲ್ಲಿ ಫಿಲ್ಟರ್ ಇಲ್ಲ, ಬರೀ ಜಾಲರಿ. ಆದ್ದರಿಂದ ಆಯಿಲ್ ಬದಲಿಸುವುದನ್ನು 5000 ಕಿ.ಮೀ. ಮೀರಿಸಬೇಡಿ.

ದೀಪದ ಕಾಟಕ್ಕೆ ಕಾರಣ ಅರ್ಥಿಂಗ್. ಫೈಬರಿನಲ್ಲಿ ಕರೆಂಟ್ ಹರಿಯದು. ಪ್ರತಿ ದೀಪಕ್ಕೂ ಹಾರ್ನಿಗೂ ಪ್ರತ್ಯೇಕ ಅರ್ಥ್ ವೈರ್ ಎಳೆದು ಚಾಸಿಯ ಬೋಲ್ಟಿಗೆ ಕಟ್ಟಿಸಿ, ಕೆಳಗಿನ ಪೇಂಟ್ ಕೆರೆದು.

ಸ್ಟೀರಿಂಗ್ ಅಲೆಯಲು ಎರಡು ಕಾರಣ. ಎಂಜಿನ್ ಹಿಂದಿದ್ದು ಮುಂದೆ ಭಾರವೇ ಇಲ್ಲದ ಈ ಕಾರಿಗೆ ಟೈರ್ ಅಂಗಡಿಯವರು 30 ಪಿ.ಎಸ್‌.ಐ. ತುಂಬಿಬಿಡುತ್ತಾರೆ; ಮುಂದೆ 18, ಹಿಂದೆ 27ರಿಂದ ಶುರುಮಾಡಿ. ಚಂದಕ್ಕೆಂದು ಮುಂಭಾಗ ತಗ್ಗಿಸಿದ್ದರೆ ಕ್ಯಾಸ್ಟರ್ (ಸ್ಟೀರಿಂಗನ್ನು ನೇರಕ್ಕೆ ಹಿಡಿದಿಡುವ, ಮುಂಚಕ್ರದ ಹಿಂದಕ್ಕೊರಗಿದ ಕೋನ) ಕಡಿಮೆಯಾಗಿರುತ್ತದೆ. ಮುಂದಿನ ಆಕ್ಸಲ್ ಬೀಮ್‌ನ ಕೆಳಗಿನ ಟ್ಯೂಬಿನ ಹಿಂದೆ ಕ್ಯಾಸ್ಟರ್ ಶಿಮ್ (ತೆಳು ಬಿಲ್ಲೆ) ಹಾಕಿಸಿ, ಆಮೇಲೆ ಅಲೈನ್‌ಮೆಂಟ್.

ನೀವು ಕೇಳದಿದ್ದರೂ ಇದೊಂದು: ಕಾರ್ಬುರೇಟರಿಗೆ ಹೋಗುವ ರಬ್ಬರ್ ಪೈಪ್ ಇಂದೇ ಬದಲಿಸಿ. ಎಥನಾಲ್ ಬೆರೆಸಿದ ಪೆಟ್ರೋಲು ಹಳೆಯ ರಬ್ಬರನ್ನು ಬೇಗ ತಿನ್ನುತ್ತದೆ, ಮತ್ತು ಅದು ಸೋರುವುದು ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಪಕ್ಕದಲ್ಲೇ.